ಹೂ ಉದುರದ ತೋಟ

ಹೊಳೆಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಎರಡು ಹೊಳೆಗಳ ನಡುವೆ, ತೊರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ರಾಜಧಾನಿಯಲ್ಲಿ ಏಳು ಕೇರಿಗಳು. ಏಳೂ ಕೇರಿಗಳು ಬಂದು ಸೇರುವ ಕಡೆ ಒಂದು ತೋಟ. ಅದು ರಾಜನದಲ್ಲ, ಸಾಹುಕಾರನದಲ್ಲ, ಗುಡಿಯದೂ ಅಲ್ಲ. ಊರಿನವರೆಲ್ಲರದು. ಅದಕ್ಕೆ ಊರತೋಟ ಎಂದೇ ಹೆಸರು.

ಊರತೋಟವೇ ಆ ಊರಿನ ಶಾಲೆ. ಅದಕ್ಕೆ ಚಾವಣಿಯಿರಲಿಲ್ಲ, ಬಾಗಿಲಿರಲಿಲ್ಲ. ಮೂವತ್ತೆರಡು ಮಕ್ಕಳು ದಿನವೂ ಬರುತ್ತಿದ್ದರು. ರಾಜನ ಮಗನೂ ಕುಂಬಾರನ ಮಗಳೂ ಒಂದೇ ಪಾತಿಯಲ್ಲಿ ಕೂತು ಕಳೆ ಕೀಳುತ್ತಿದ್ದರು. ಅಕ್ಷರ ಕಲಿಯಲು ಅವರಿಗೆ ಹಲಗೆ ಬಳಪ ಕೊಡುತ್ತಿರಲಿಲ್ಲ, ಹಿಡಿ ಮೆಂತ್ಯ ಕೊಡುತ್ತಿದ್ದರು. ನೆಲದಲ್ಲಿ ಅಕ್ಷರದ ಆಕಾರಕ್ಕೆ ಗೀರು ಎಳೆದು ಕಾಳು ಬಿತ್ತಿದರೆ ನಾಲ್ಕನೆಯ ದಿನಕ್ಕೆ ಅಕ್ಷರ ಹಸಿರಾಗಿ ಮೇಲೇಳುತ್ತಿತ್ತು. ತಪ್ಪು ಬರೆದವರ ತಪ್ಪೂ ಹಸಿರಾಗಿಯೇ ಮೇಲೇಳುತ್ತಿತ್ತು. ಅದನ್ನು ಕಿತ್ತು ಮನೆಗೊಯ್ದು ಸಾರಿಗೆ ಹಾಕಿಸಿ, ಮಾರನೆಯ ದಿನ ಮತ್ತೆ ಬಿತ್ತುತ್ತಿದ್ದರು.

ತೋಟದ ಸುತ್ತ ಉದ್ದನೆಯ ಮಣ್ಣಿನ ಗೋಡೆ. ಒಂದೊಂದು ಮಗುವಿಗೂ ಗೋಡೆಯಲ್ಲಿ ಒಂದೊಂದು ಮಾರು ಜಾಗ. ಬಸಳೆಯ ಹಣ್ಣಿನಿಂದ ನೇರಳೆ ಬಣ್ಣ, ಅವರೆ ಎಲೆಯಿಂದ ಹಸಿರು, ಅರಿಶಿನದಿಂದ ಹಳದಿ, ಹೊಳೆದಂಡೆಯ ಕೆಮ್ಮಣ್ಣಿನಿಂದ ಕೆಂಪು. ತೋಟದಲ್ಲಿ ಕಂಡದ್ದನ್ನೆಲ್ಲ ಮಕ್ಕಳು ಅಲ್ಲಿ ಬರೆಯುತ್ತಿದ್ದರು. ಮಳೆಗಾಲ ಬಂದು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತಿತ್ತು. ಮಳೆ ನಿಂತ ಮೇಲೆ ಮತ್ತೆ ಸಾರಿಸಿ ಮತ್ತೆ ಬರೆಯುತ್ತಿದ್ದರು.

ಇಷ್ಟಕ್ಕೂ ಗುರು ಒಬ್ಬಳೇ. ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಯಾವಾಗಲೂ ಗೊಬ್ಬರದ ತಿಪ್ಪೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದರಿಂದ ಮಕ್ಕಳು ಅವಳನ್ನು ತಿಪ್ಪಜ್ಜಿ ಎನ್ನುತ್ತಿದ್ದರು. ಅವಳಿಗೂ ಆ ಹೆಸರೇ ಇಷ್ಟವಾಗಿತ್ತು.

ನೇಕಾರಗೇರಿಯಲ್ಲಿ ನೀಲವ್ವ ಎಂಬ ಹೆಂಗಸಿದ್ದಳು. ನೂಲಿಗೆ ಬಣ್ಣ ಹಾಕುವುದು ಅವಳ ಕೆಲಸ. ಆಕೆಗೆ ಇಬ್ಬರು ಹೆಣ್ಣುಮಕ್ಕಳು, ಒಂದೇ ಬಸಿರಿನಲ್ಲಿ ಹುಟ್ಟಿದವರು. ಒಬ್ಬಳು ಇರುವಂತಿ, ಇನ್ನೊಬ್ಬಳು ಸುರಗಿ. ಒಂದೇ ಮೂಗು, ಒಂದೇ ಹುಬ್ಬು, ಒಂದೇ ನಡಿಗೆ. ಊರತೋಟದಲ್ಲಿ ಒಬ್ಬಳ ಪಕ್ಕ ಒಬ್ಬಳು ಕೂರುತ್ತಿದ್ದರು, ಗೋಡೆಯಲ್ಲೂ ಇಬ್ಬರ ಜಾಗ ಅಕ್ಕಪಕ್ಕ. ಆಗ ಅವರಿಗೆ ಹತ್ತು ವರ್ಷ.

ಒಂದು ಸುಗ್ಗಿಯ ಬೆಳಗ್ಗೆ ಶಾಲೆಯಲ್ಲಿ ಕೆಮ್ಮಣ್ಣು ಮುಗಿದಿತ್ತು. ಹೊಳೆಯಿಂದ ಮಣ್ಣು ತರುವ ಸರದಿ ಸುರಗಿಯದು, ಪಾತಿಗೆ ನೀರು ಹಾಕುವ ಸರದಿ ಇರುವಂತಿಯದು. ಇರುವಂತಿಗೆ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುವ ಆಸೆಯಾಯಿತು.

"ಸುರಗಿ, ಇವತ್ತೊಂದು ದಿನ ನೀರು ನೀನು ಹಾಕೆ. ಮಣ್ಣಿಗೆ ನಾನು ಹೋಗ್ತೀನಿ" ಎಂದಳು.

"ಹೋಗು. ಆದರೆ ಬೇಗ ಬಾ. ಗೋಡೆ ಮೇಲಿನ ನನ್ನ ಮೀನಿಗೆ ಬಣ್ಣ ಬೇಕು" ಎಂದಳು ಸುರಗಿ.

ಇರುವಂತಿ ಅತ್ತ ಹೋದದ್ದೇ ತಡ, ಇತ್ತ ತೋಟಕ್ಕೆ ಒಬ್ಬ ಬಂದ. ಬಿಳಿಯ ನಿಲುವಂಗಿ, ಕೈಯಲ್ಲಿ ಬೆಳ್ಳಿಯ ಗಿಂಡಿ, ತಲೆಯ ಮೇಲೆ ಬಿದಿರಿನ ಬುಟ್ಟಿ. ಮುಖದಲ್ಲಿ ಒಂದೇ ಒಂದು ಸುಕ್ಕಿಲ್ಲ. ಅವನೇ ಕಾಗೆಬಂಗಾರದ ಬೆಟ್ಟದ ಮಾಂತ್ರಿಕ ನಿತ್ಯರಾಯ.

"ಮಕ್ಕಳೇ, ನಿಮ್ಮ ತೋಟದಲ್ಲಿ ಎಲೆ ಒಣಗುತ್ತದೆ, ಹೂ ಉದುರುತ್ತದೆ. ನನ್ನ ತೋಟದಲ್ಲಿ ಏನೂ ಉದುರುವುದಿಲ್ಲ. ನೋಡ್ತೀರಾ?" ಎಂದು ಕೇಳಿದ.

ಮಕ್ಕಳು ನೋಡ್ತೀವಿ ಎಂದರು. ಮಕ್ಕಳಲ್ಲವೇ, ಬೇರೆ ಏನೆಂದಾರು?

ಅವನು ಗಿಂಡಿಯ ನೀರನ್ನು ಚಿಮುಕಿಸಿದ. ಮೂವತ್ತೊಂದು ಮಕ್ಕಳೂ ನಿಂತ ನಿಂತಲ್ಲೇ ಸಸಿಗಳಾದರು. ಸಸಿಗಳನ್ನು ಕಿತ್ತು ಬುಟ್ಟಿಗಿಟ್ಟ, ಬುಟ್ಟಿಯನ್ನು ತಲೆಗಿಟ್ಟ, ಗಾಳಿಯ ಮೇಲೆ ಕಾಲಿಟ್ಟು ನಡೆದೇಹೋದ. ತಿಪ್ಪಜ್ಜಿ ಕೂಗಿಕೊಳ್ಳುತ್ತ ಕೋಲೂರಿ ಎದ್ದು ನಿಲ್ಲುವಷ್ಟರಲ್ಲಿ ಆಕಾಶ ಬರಿದಾಗಿತ್ತು.

ಇರುವಂತಿ ಮಣ್ಣಿನ ಕುಕ್ಕೆ ಹೊತ್ತು ಬಂದಾಗ ಪಾತಿಗಳು ಅರ್ಧ ಒದ್ದೆಯಾಗಿದ್ದವು, ಅರ್ಧ ಒಣಗಿದ್ದವು. ಸುರಗಿ ನೀರು ಹಾಕುತ್ತಿದ್ದ ಮಗೆ ಮಣ್ಣಿನಲ್ಲಿ ಉರುಳಿತ್ತು. ಅದರ ಬಾಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ರಾಜ ಸುಮ್ಮನಿರಲಿಲ್ಲ. ಅವನ ಮಗನೂ ಆ ಬುಟ್ಟಿಯಲ್ಲಿದ್ದ. ಮೊದಲ ವರ್ಷ ಕಾಗೆಬಂಗಾರದ ಬೆಟ್ಟಕ್ಕೆ ನೂರು ಮಂದಿಯನ್ನು ಕಳಿಸಿದ, ಎರಡನೆಯ ವರ್ಷ ಸಾವಿರ ಮಂದಿಯನ್ನು ಕಳಿಸಿದ, ಮೂರನೆಯ ವರ್ಷ ತಾನೇ ಹೊರಟ. ದಾರಿಯಲ್ಲಿ ಒಂದು ಮುಳ್ಳಿನ ಕಾಡು. ಒಂದು ಕೊಂಬೆ ಕಡಿದರೆ ಎರಡು ಚಿಗುರುತ್ತಿದ್ದವು, ಎರಡು ಕಡಿದರೆ ನಾಲ್ಕು. ಎಲ್ಲರೂ ಮೈಯೆಲ್ಲ ಗಾಯವಾಗಿ ಹಿಂತಿರುಗಿದರು. ಆಮೇಲೆ ರಾಜ ಮಗನ ಹೆಸರನ್ನೂ ಎತ್ತದಾದ.

ಊರತೋಟಕ್ಕೆ ಯಾರೂ ಬರದಾದರು. ಮಕ್ಕಳಿಲ್ಲದ ಪಾತಿಗಳನ್ನು ನೋಡಲು ತಾಯಂದಿರಿಗೆ ಆಗುತ್ತಿರಲಿಲ್ಲ. ಒಂದೊಂದು ಕೇರಿಯವರೂ ತಮ್ಮ ಕಡೆಯ ದಾರಿಗೆ ಬೇಲಿ ಹಾಕಿಕೊಂಡರು. ತಿಪ್ಪಜ್ಜಿ ಮಾತ್ರ ತಿಪ್ಪೆಯ ಪಕ್ಕ ಕೂತೇ ಇದ್ದಳು. ಇರುವಂತಿ ದಿನವೂ ಬೇಲಿ ನುಸುಳಿ ಬರುತ್ತಿದ್ದಳು. ಒಬ್ಬಳೇ ಆದ್ದರಿಂದ ಎಲ್ಲ ಸರದಿಯೂ ಅವಳದೇ ಆಗಿತ್ತು. ನನ್ನ ಸರದಿಯಲ್ಲಿ ಅವಳು ಹೋದಳಲ್ಲ ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಯಾರೊಂದಿಗೂ ಅವಳು ಅದನ್ನು ಆಡಲಿಲ್ಲ.

ಪ್ರತಿ ವರ್ಷ ಮಳೆ ಗೋಡೆಯನ್ನು ತೊಳೆದ ಮೇಲೆ ಅವಳು ಮೊದಲು ತನ್ನ ಜಾಗದಲ್ಲಿ ಬರೆಯುತ್ತಿದ್ದಳು, ಆಮೇಲೆ ಸುರಗಿಯ ಜಾಗದಲ್ಲಿ ಸುರಗಿ ಬರೆಯುತ್ತಿದ್ದ ಹಾಗೆಯೇ ಒಂದು ಮೀನು ಬರೆಯುತ್ತಿದ್ದಳು. ಹೀಗೆ ಏಳು ವರ್ಷ ಕಳೆಯಿತು. ಇರುವಂತಿಗೆ ಹದಿನೇಳಾಯಿತು. ಏಳನೆಯ ಮಳೆ ನಿಂತ ಮೇಲೆ ಗೋಡೆ ಸಾರಿಸಿ, ಬಣ್ಣ ಕಲಸಿ, ಮೀನಿನ ಮೈ ಬರೆದು, ರೆಕ್ಕೆ ಬರೆದು, ಕಣ್ಣಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಸುರಗಿ ಮೀನಿನ ಕಣ್ಣನ್ನು ದುಂಡಗೆ ಬರೆಯುತ್ತಿದ್ದಳೋ, ಉದ್ದಕ್ಕೆ ಬರೆಯುತ್ತಿದ್ದಳೋ?

ಅವಳು ಮನೆಗೆ ಓಡಿದಳು. ನೀಲವ್ವ ನೂಲು ಹಿಂಡುತ್ತಿದ್ದಳು.

"ಅವ್ವಾ, ಸುರಗಿ ಮೀನಿನ ಕಣ್ಣು ಹೇಗೆ ಬರೀತಿದ್ದಳು?"

ನೀಲವ್ವನ ಕೈಯಲ್ಲಿ ನೂಲು ಹಾಗೇ ನಿಂತಿತು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಕೆಗೂ ನೆನಪಿರಲಿಲ್ಲ.

ಅವತ್ತೇ ಇರುವಂತಿ ತಿಪ್ಪಜ್ಜಿಯ ಮುಂದೆ ಬಂದು ನಿಂತಳು.

"ಅಜ್ಜೀ, ನಾನು ಹೊರಟೆ. ಇನ್ನೊಂದು ವರ್ಷ ಬಿಟ್ಟರೆ ಅವಳು ಪೂರ್ತಿ ಮರೆತುಹೋಗ್ತಾಳೆ."

"ಕತ್ತಿ ಬೇಕೇನೆ? ಅರಮನೆಯಲ್ಲಿ ಕೇಳಿಸಲಾ?"

"ಕತ್ತಿ ಹಿಡಿದು ಹೋದವರೆಲ್ಲ ವಾಪಸು ಬಂದರಲ್ಲಜ್ಜೀ."

ತಿಪ್ಪಜ್ಜಿ ಅವಳ ತಲೆಯ ಮೇಲೆ ಮಣ್ಣಿನ ಕೈ ಇಟ್ಟಳು. "ಹಾಗಾದರೆ ನಿನಗೆ ಏನು ಗೊತ್ತೋ ಅದನ್ನೇ ತಗೊಂಡು ಹೋಗು ಮಗಾ" ಎಂದಳು.

ನೀಲವ್ವ ಹುರಿಹಿಟ್ಟು ಕಟ್ಟಿಕೊಟ್ಟಳು, ದೀಪಕ್ಕೆಂದು ಒಂದು ಕುಡಿಕೆ ಹೊಂಗೆ ಎಣ್ಣೆ ಕೊಟ್ಟಳು. ಇರುವಂತಿ ತನ್ನ ಕುಂಚವನ್ನೂ ಒಂದು ಚೀಲ ಕೆಮ್ಮಣ್ಣನ್ನೂ ಸೊಂಟಕ್ಕೆ ಕಟ್ಟಿಕೊಂಡು ಹೊರಟಳು.

ಹೋದಳು, ಹೋದಳು, ಒಂಬತ್ತು ದಿನ ಹೋದಳು. ಮುಳ್ಳಿನ ಕಾಡು ಎದುರಾಯಿತು. ಆನೆಗಿಂತ ಎತ್ತರ, ಒಂದು ಜೇನುನೊಣ ಕೂಡ ನುಸುಳಲಾರದಷ್ಟು ದಟ್ಟ. ಕಾಡಿನ ಬಾಯಲ್ಲಿ ಒಂದು ಕಾಡುಹಂದಿ ಕಾವಲಿತ್ತು. ಗುಡಿಸಲಿನಷ್ಟು ದೊಡ್ಡ ಹಂದಿ. ಬೆನ್ನಿನ ಕೂದಲು ಈಟಿಗಳ ಹಾಗೆ ನಿಂತಿತ್ತು.

ಇರುವಂತಿಗೆ ಭಯವಾಯಿತು. ಆದರೂ ಓಡಲಿಲ್ಲ. ಹೊಸ ಗಿಡವನ್ನು ಕಂಡರೆ ಮುಟ್ಟುವ ಮೊದಲು ಅರ್ಧ ದಿನ ನೋಡಬೇಕು ಎಂದು ತಿಪ್ಪಜ್ಜಿ ಕಲಿಸಿದ್ದಳು. ಅವಳು ದೂರದಲ್ಲಿ ಕೂತು ಹಂದಿಯನ್ನೇ ನೋಡಿದಳು. ಹಂದಿ ಮತ್ತೆ ಮತ್ತೆ ಮೂತಿಯನ್ನು ನೆಲಕ್ಕೆ ಒಯ್ಯುತ್ತಿತ್ತು, ನೋವಿನಿಂದ ಕಿರುಚಿ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಅದರ ಮೂತಿಯ ಸುತ್ತ ಒಂದು ಕಬ್ಬಿಣದ ಬಳೆ ಬಿಗಿದಿತ್ತು.

ಬಿಸಿಲು ಇಳಿದಾಗ ಹಂದಿ ಮಾತಾಡಿತು. "ಬಂದವರೆಲ್ಲ ಕೊಡಲಿ ಎತ್ತಿದರು. ನೀನು ಕೂತೇ ಇದ್ದೀಯಲ್ಲ?"

"ಹಂದಿಯಣ್ಣಾ, ನೀನು ನೆಲ ಅಗೆದು ಎಷ್ಟು ದಿನವಾಯಿತು?"

ಹಂದಿಯ ಕಣ್ಣಲ್ಲಿ ನೀರು ಬಂತು. "ಏಳು ವರ್ಷ. ಗೆಡ್ಡೆಯ ವಾಸನೆ ಬರುತ್ತದೆ, ಬಾಯಿ ಹಾಕಲಾಗುವುದಿಲ್ಲ. ಆ ಮಾಂತ್ರಿಕ ಬಳೆ ತೊಡಿಸಿ ನಿಲ್ಲಿಸಿದ್ದಾನೆ."

ಇರುವಂತಿ ಹತ್ತಿರ ಹೋದಳು. ಕುಡಿಕೆಯ ಎಣ್ಣೆಯನ್ನೆಲ್ಲ ಮೂತಿಗೆ ಸುರಿದು, ಬಳೆಯನ್ನು ಮೆಲ್ಲಗೆ ತಿರುಗಿಸಿದಳು. ಚರ್ಮ ಸುಲಿಯಿತು, ಹಂದಿ ನರಳಿತು, ಆದರೆ ಅಲುಗಲಿಲ್ಲ. ಮೂರನೆಯ ಸಲಕ್ಕೆ ಬಳೆ ಜಾರಿ ಬಿತ್ತು.

ಹಂದಿ ಮೂತಿಯನ್ನು ನೆಲಕ್ಕೆ ಹೂತಿತು ನೋಡಿ! ಮೇಲಿಂದ ಕಡಿದರೆ ಎರಡಾಗುತ್ತಿದ್ದ ಮುಳ್ಳು ಬೇರುಸಮೇತ ಕಿತ್ತುಬಂದ ಮೇಲೆ ಮತ್ತೆ ಚಿಗುರಲಾರದಾಯಿತು. ಹಂದಿ ಮುಂದೆ ಅಗೆಯುತ್ತ ಹೋಯಿತು, ಇರುವಂತಿ ಹಿಂದೆ ನಡೆಯುತ್ತ ಹೋದಳು. ಬೆಳಗಾಗುವಷ್ಟರಲ್ಲಿ ಕಾಡಿನ ನಡುವೆ ಬಂಡಿ ಹೋಗುವಷ್ಟು ಅಗಲದ ದಾರಿಯಾಗಿತ್ತು. ಆ ದಾರಿಯಲ್ಲಿ ಏಳು ವರ್ಷದ ಮೇಲೆ ಮೊದಲ ಸಲ ಗಾಳಿ ಬೀಸಿತು.

ಕಾಡಿನಾಚೆ ಒಂದು ಕೆರೆ. ಅದರಲ್ಲಿ ಅಲೆಯಿರಲಿಲ್ಲ. ಆಕಾಶದ ನೆರಳಾಗಲಿ, ದಡದ ನೆರಳಾಗಲಿ ಅದರಲ್ಲಿ ಕಾಣುತ್ತಿರಲಿಲ್ಲ. ದಡದಲ್ಲಿ ಒಂದು ಮೊಸಳೆ ಮಲಗಿತ್ತು, ತಾಳೆಮರದಷ್ಟು ಉದ್ದ.

"ಕೆರೆ ದಾಟಬೇಕೆ?" ಎಂದಿತು ಮೊಸಳೆ. "ಈ ನೀರು ನನ್ನ ಮುಖ ತೋರಿಸುವುದಿಲ್ಲ. ನಾನು ಹೇಗಿದ್ದೇನೆ ಹೇಳು. ನಿಜ ಹೇಳಿದರೆ ದಾಟಿಸುತ್ತೇನೆ. ಸುಳ್ಳಾದರೆ ನುಂಗುತ್ತೇನೆ."

"ಮಾಂತ್ರಿಕನನ್ನು ಕೇಳಲಿಲ್ಲವೇ?"

"ಕೇಳಿದೆ. ಮೊದಲ ದಿನ ಹೇಗಿದ್ದೆಯೋ ಹಾಗೇ ಇದ್ದೀಯ ಅಂತಾನೆ. ನನ್ನ ಮೂಳೆಗಳು ಬೇರೆ ಹೇಳುತ್ತವೆ."

ಇರುವಂತಿ ಒಂದು ಬಿಳಿಯ ಬಂಡೆ ಹುಡುಕಿದಳು. ಕೆಮ್ಮಣ್ಣು ಕಲಸಿದಳು, ಕುಂಚ ತೆಗೆದಳು. ಒಂದು ದಿನ ಪೂರ್ತಿ ಕೂತು ಕಂಡದ್ದನ್ನು ಕಂಡ ಹಾಗೆ ಬರೆದಳು. ಮುರಿದ ಹಲ್ಲನ್ನು ಬರೆದಳು. ಬೆನ್ನಿನ ಪಾಚಿಯನ್ನು ಬರೆದಳು. ಕಣ್ಣಿನ ಕೆಳಗೆ ಜೋತ ಚರ್ಮವನ್ನು ಬರೆದಳು. ಬೆನ್ನಿನ ಮೇಲೆ ಹೆದರದೆ ನಿದ್ದೆ ಮಾಡುತ್ತಿದ್ದ ಒಂದು ಆಮೆಯ ಮರಿಯನ್ನೂ ಬರೆದಳು. ಕೊನೆಗೆ ಪಕ್ಕಕ್ಕೆ ಸರಿದು ನಿಂತಳು.

ಮೊಸಳೆ ಬಂಡೆಯ ಮುಂದೆ ತೆವಳಿ ಬಂದು ನೋಡಿತು.

"ಇಷ್ಟು ಮುದುಕನಾದೆನೇ?"

"ಹೌದಜ್ಜಾ."

"ಇದು ಯಾರು, ನನ್ನ ಬೆನ್ನ ಮೇಲೆ?"

"ಆಮೆಯ ಮರಿ. ನಿನ್ನ ಬೆನ್ನನ್ನೇ ಮನೆ ಮಾಡಿಕೊಂಡಿದೆ."

"ನನಗೆ ಯಾರೂ ಹೇಳಲೇ ಇಲ್ಲ" ಎಂದಿತು ಮೊಸಳೆ. ಆಮೇಲೆ ಬಾಯಿ ತೆರೆಯದೆ, ಬೆನ್ನು ಅಲುಗದ ಹಾಗೆ, ಅವಳನ್ನು ಆಚೆ ದಡಕ್ಕೆ ಮುಟ್ಟಿಸಿತು.

ಆಚೆ ದಡದಲ್ಲಿ ಕಾಗೆಬಂಗಾರದ ಬೆಟ್ಟ. ಪದರ ಪದರವಾಗಿ ಹೊಳೆಯುವ ಕಲ್ಲು. ಅದರ ನೆತ್ತಿಯಲ್ಲಿ ಮೂವತ್ತೊಂದು ದಾಳಿಂಬೆ ಮರಗಳು. ಎಲ್ಲವೂ ಒಂದೇ ಎತ್ತರ, ಎಲ್ಲದರಲ್ಲೂ ಕೆಂಡದ ಹಾಗೆ ಹೂ. ನೆಲದ ಮೇಲೆ ಒಂದು ತರಗೆಲೆಯಿಲ್ಲ, ಒಂದು ಇರುವೆಯಿಲ್ಲ. ಹಕ್ಕಿಯ ದನಿಯಿಲ್ಲ. ಇರುವಂತಿ ಬಗ್ಗಿ ಮಣ್ಣು ಮೂಸಿದಳು. ಮಣ್ಣಿಗೆ ವಾಸನೆಯೇ ಇರಲಿಲ್ಲ.

ನಿತ್ಯರಾಯ ಕಲ್ಲುಮಂಚದ ಮೇಲೆ ಕೂತಿದ್ದ. ಅವನ ಮುಖದಲ್ಲಿ ಈಗಲೂ ಒಂದು ಸುಕ್ಕಿಲ್ಲ.

"ಯಾರಿಗಾಗಿ ಬಂದೆ ಹುಡುಗಿ?"

"ನನ್ನ ಒಡಹುಟ್ಟಿದವಳಿಗಾಗಿ."

"ಹುಡುಕಿಕೋ. ಮೂರು ದಿನ ಕೊಡುತ್ತೇನೆ. ಮೂರನೆಯ ದಿನ ಹೊತ್ತು ಮುಳುಗುವಾಗ ಅವಳ ಮರವನ್ನು ತೋರಿಸಿದರೆ ಅವಳೊಬ್ಬಳನ್ನು ಕರೆದುಕೊಂಡು ಹೋಗು. ಉಳಿದವರು ಎಂದೆಂದಿಗೂ ನನ್ನವರು. ತಪ್ಪಿದರೆ ನೀನು ಮೂವತ್ತೆರಡನೆಯ ಮರ. ಈ ತೋಟದಲ್ಲಿ ಒಂದು ಹೂ ಉದುರುವ ತನಕ ಇಲ್ಲಿಂದ ಯಾರೂ ಕದಲಲಾರರು, ನನಗೂ ವಯಸ್ಸಾಗದು. ಹೂವಂತೂ ಇಲ್ಲಿ ಉದುರುವುದಿಲ್ಲ."

ಮೊದಲ ದಿನ ಇರುವಂತಿ ಒಂದೊಂದೇ ಮರದ ಕೆಳಗೆ ನಿಂತು ಸುರಗೀ ಎಂದು ಕರೆದಳು. ಒಂದು ಎಲೆಯೂ ಅಲುಗಲಿಲ್ಲ.

ಎರಡನೆಯ ದಿನ ಕರೆಯುವುದನ್ನು ಬಿಟ್ಟು ನೋಡುತ್ತ ಕೂತಳು. ಬಿಸಿಲು ಹೊರಳಿದ ಹಾಗೆ ಮೂವತ್ತು ಮರಗಳ ನೆರಳೂ ಹೊರಳಿತು. ಒಂದು ಮರದ ನೆರಳು ಮಾತ್ರ ಅವಳು ಕೂತ ಕಡೆಗೇ ಬೀಳುತ್ತಿತ್ತು. ಅವಳು ಎದ್ದು ಪಶ್ಚಿಮಕ್ಕೆ ಹೋಗಿ ಕೂತಳು. ನೆರಳು ಅಲ್ಲಿಗೂ ಬಂತು. ದಕ್ಷಿಣಕ್ಕೆ ಹೋದಳು. ಅಲ್ಲಿಗೂ ಬಂತು, ಅವಳ ತಲೆಯ ಮೇಲೆ ತಂಪಾಗಿ ನಿಂತಿತು.

ಇರುವಂತಿ ಹೋಗಿ ಆ ಮರದ ಕಾಂಡವನ್ನು ತಬ್ಬಿಕೊಂಡಳು. "ಗೊತ್ತಾಯಿತು ಕಣೇ, ಗೊತ್ತಾಯಿತು" ಎಂದು ಅತ್ತಳು. ಏಳು ವರ್ಷದಿಂದ ಅಳದೆ ಇದ್ದದ್ದನ್ನೆಲ್ಲ ಅಲ್ಲಿ ಅತ್ತಳು.

ಅತ್ತು ಮುಗಿದ ಮೇಲೆ ಉಳಿದ ಮರಗಳು ಕಣ್ಣಿಗೆ ಬಿದ್ದವು. ಅವುಗಳಲ್ಲಿ ಒಂದು ಕುಂಬಾರರ ಸಣ್ಣೀರಿ, ಬೆಂಡೆಕಾಯಿ ಕಂಡರೆ ಹಸಿಯದನ್ನೇ ತಿನ್ನುತ್ತಿದ್ದವಳು. ಒಂದು ಬೆಸ್ತರ ಮುದ್ದ, ಗೋಡೆಯ ತುಂಬ ದೋಣಿಯನ್ನೇ ಬರೆಯುತ್ತಿದ್ದವನು. ಒಂದು ರಾಜನ ಮಗ, ಎರೆಹುಳುವನ್ನು ಮುಟ್ಟಲು ಹೆದರಿ ಆಮೇಲೆ ಅದಕ್ಕೆ ಹೆಸರಿಟ್ಟು ಸಾಕಿದವನು. ಇವರ ಅವ್ವಂದಿರಿಗೆ ನಾನು ಏನು ಹೇಳಲಿ? ನನ್ನವಳೊಬ್ಬಳು ಸಿಕ್ಕಳು, ನಿಮ್ಮವರನ್ನು ಅಲ್ಲೇ ಬಿಟ್ಟುಬಂದೆ ಎನ್ನಲೇ? ಸುರಗಿಯೊಬ್ಬಳು ಸಾಕು ಎಂದು ಒಂದು ಮನಸ್ಸು ಹೇಳುತ್ತಲೇ ಇತ್ತು. ಅದು ಸುಳ್ಳು ಆಸೆಯೂ ಆಗಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಎಲ್ಲಿಂದಲೋ ಒಂದು ಗುಂಯ್ ಎಂಬ ಸದ್ದು. ಹಂದಿ ಅಗೆದ ದಾರಿಯಲ್ಲಿ ಬಂದ ಗಾಳಿಯ ಜೊತೆ ಒಂದೇ ಒಂದು ಜೇನುನೊಣ ಕೆರೆ ದಾಟಿ ಬಂದಿತ್ತು. ಅದು ಒಂದು ಹೂವಿಗೆ ಇಳಿಯಿತು, ಮೈತುಂಬ ಹಳದಿ ಹುಡಿ ಬಳಿದುಕೊಂಡು ಪಕ್ಕದ ಮರದ ಹೂವಿಗೆ ಹಾರಿತು. ಅಷ್ಟಕ್ಕೇ ಸುಸ್ತಾಗಿ ಇರುವಂತಿಯ ತೋಳಿನ ಮೇಲೆ ಬಂದು ಕೂತಿತು.

ಇರುವಂತಿಗೆ ಒಂದು ಜಡಿಮಳೆಯ ವರ್ಷ ನೆನಪಾಯಿತು. ಆ ವರ್ಷ ಜೇನು ಬಾರದೆ ಕುಂಬಳದ ಬಳ್ಳಿ ಬರೀ ಹೂ ಬಿಟ್ಟಿತ್ತು. ಆಗ ತಿಪ್ಪಜ್ಜಿ ಮಕ್ಕಳ ಕೈ ಹಿಡಿದು, ಗಂಡು ಹೂವಿನ ಹುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸುವುದನ್ನು ತೋರಿಸಿಕೊಟ್ಟಿದ್ದಳು. ಕಾಯಿ ಕಟ್ಟಬೇಕಾದರೆ ಹೂ ಉದುರಲೇಬೇಕು.

ಅವಳು ಕುಂಚವನ್ನು ತೊಳೆದು ಒಣಗಿಸಿದಳು. ಒಂದು ಮರದ ಹೂವಿನ ಹುಡಿಯನ್ನು ಕುಂಚದ ತುದಿಗೆ ತೆಗೆದುಕೊಂಡಳು, ಇನ್ನೊಂದು ಮರದ ಹೂವಿನ ನಡುವೆ ಮುಟ್ಟಿಸಿದಳು. ಅಲ್ಲಿಂದ ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ. ನೊಣ ಅವಳ ಜೊತೆಗೇ ಹಾರಿತು. ಮಧ್ಯಾಹ್ನವಾಯಿತು, ಬೆರಳು ಮರಗಟ್ಟಿತು, ಕಾಗೆಬಂಗಾರದ ಚೂರು ಅಂಗಾಲು ಕೊಯ್ದಿತು. ನಿತ್ಯರಾಯ ಮಂಚದಿಂದಲೇ ಕೂಗಿದ: "ಏನು ಮಾಡುತ್ತಿದ್ದೀಯ?"

"ಬಣ್ಣ ಬಳಿಯುತ್ತಿದ್ದೇನೆ ರಾಯರೇ" ಎಂದಳು. ಕುಂಚದ ತುದಿ ಹಳದಿಯಾಗಿತ್ತು. ಅವನು ನಂಬಿದ.

ಕೊನೆಗೆ ಉಳಿದದ್ದು ಸುರಗಿಯ ಮರ. ಅದನ್ನೂ ಮುಗಿಸುವಾಗ ಸೂರ್ಯ ಬೆಟ್ಟದ ಅಂಚಿಗೆ ಬಂದಿದ್ದ.

ನಿತ್ಯರಾಯ ಗಿಂಡಿ ಹಿಡಿದು ಎದುರು ನಿಂತ. "ತೋರಿಸು. ಯಾವ ಮರ?"

ಇರುವಂತಿಯ ಬೆರಳು ತಾನಾಗಿಯೇ ಏಳಲು ನೋಡಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ತೋರಿಸುವುದಿಲ್ಲ. ಮೂವತ್ತೊಂದೂ ಬೇಕು."

ಮಾಂತ್ರಿಕ ಗಿಂಡಿಯನ್ನು ಎತ್ತಿದ. ಅಷ್ಟರಲ್ಲಿ ಅವರಿಬ್ಬರ ನಡುವೆ ಒಂದು ಕೆಂಪು ಎಸಳು ತೇಲುತ್ತ ಇಳಿದು ನೆಲ ಮುಟ್ಟಿತು.

ನಿತ್ಯರಾಯ ಚೀರಿದ. ಆ ಎಸಳನ್ನು ಎತ್ತಿಕೊಂಡು ಕೊಂಬೆಗೆ ಅಂಟಿಸಲು ಓಡಿದ. ಇನ್ನೊಂದು ಬಿತ್ತು. ಅದಕ್ಕೂ ಓಡಿದ. ಹತ್ತು ಬಿದ್ದವು, ನೂರು ಬಿದ್ದವು. ಗಿಂಡಿಯನ್ನು ಬಿಸಾಕಿ ಎರಡೂ ಕೈಯಲ್ಲಿ ಎಸಳುಗಳನ್ನು ಬಾಚಿಕೊಂಡು ಮರದಿಂದ ಮರಕ್ಕೆ ಓಡಾಡಿದ. ಓಡುತ್ತ ಓಡುತ್ತ ಅವನ ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು, ತಡೆದಿಟ್ಟ ವರ್ಷಗಳೆಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಬಂದು ಕೂತವು.

"ಅವಳ ಮುಡಿಯಲ್ಲಿ ಹೀಗೇ ಬಾಡಿತು" ಎಂದು ಅವನು ಬಿಕ್ಕಿದ. "ನನ್ನ ಮಗಳು. ಜ್ವರ ಬಂದು ಮಲಗಿದವಳು ಏಳಲಿಲ್ಲ. ಮುಡಿಯ ಹೂ ಬಾಡುತ್ತಿತ್ತು, ನಾನು ನೋಡುತ್ತಾ ಕೂತಿದ್ದೆ. ಇನ್ನು ನನ್ನ ಕಣ್ಣ ಮುಂದೆ ಯಾವುದೂ ಬಾಡಬಾರದು ಅಂದುಕೊಂಡೆ."

ಇರುವಂತಿಗೆ ಅವನ ಮೇಲೆ ಏಳು ವರ್ಷದ ಸಿಟ್ಟಿತ್ತು. ಆ ಸಿಟ್ಟು ಹೋಗಲಿಲ್ಲ. ಆದರೂ ಅವಳು ಅವನ ತೋಳು ಹಿಡಿದು ಮಂಚದ ಮೇಲೆ ಕೂರಿಸಿದಳು.

ಏಳು ವರ್ಷ ನಿಂತಿದ್ದ ಕಾಲ ತೋಟಕ್ಕೆ ಒಂದೇ ಸಲ ನುಗ್ಗಿತು. ಹೂ ಉದುರಿದ ಕಡೆ ಕಾಯಿ ಕಟ್ಟಿತು. ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತಿನಲ್ಲಿ ಕಾಯಿ ಬಲಿಯಿತು, ಕೆಂಪಾಯಿತು, ಹಣ್ಣಾಗಿ ಬಿರಿಯಿತು. ಹಣ್ಣು ಬಿರಿದ ಕೂಡಲೇ ಮರವಿರಲಿಲ್ಲ. ಮರವಿದ್ದ ಕಡೆ ಒಂದು ಮಗು ದಾಳಿಂಬೆ ಹಿಡಿದು ನಿಂತಿತ್ತು. ಸಣ್ಣೀರಿ, ಮುದ್ದ, ರಾಜನ ಮಗ, ಒಬ್ಬರಾದ ಮೇಲೊಬ್ಬರು. ಹೂ ಉದುರದ ಕಡೆ ವಯಸ್ಸೂ ಕೂಡುವುದಿಲ್ಲ. ನುಗ್ಗಿದ ಕಾಲವೆಲ್ಲ ಹಣ್ಣಿಗೇ ಸಂದಿತ್ತು, ಎಲ್ಲರೂ ಹೋದ ದಿನ ಎಷ್ಟಿದ್ದರೋ ಅಷ್ಟೇ ಇದ್ದರು.

ಎಲ್ಲರಿಗಿಂತ ಕೊನೆಗೆ ಸುರಗಿ. ಹತ್ತು ವರ್ಷದ ಸುರಗಿ. ಅವಳು ಕಣ್ಣುಜ್ಜಿಕೊಂಡು ಸುತ್ತ ನೋಡಿದಳು. ಮಂಚದ ಮೇಲೆ ನಡುಗುತ್ತಿದ್ದ ಮುದುಕನನ್ನು ಕಂಡು, ಯಾರೋ ಹಸಿದ ಅಜ್ಜ ಎಂದುಕೊಂಡು, ತನ್ನ ಕೈಯ ಹಣ್ಣಿನಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟಳು. ನಿತ್ಯರಾಯ ಒಂದು ಕಾಳನ್ನು ಬಾಯಿಗಿಟ್ಟುಕೊಂಡ.

"ಹುಳಿ" ಎಂದ. "ಆಮೇಲೆ ಸಿಹಿ. ಅವಳೂ ಹೀಗೇ ಹೇಳುತ್ತಿದ್ದಳು." ಅಷ್ಟು ಹೇಳಿ ತಲೆ ಒರಗಿಸಿದ. ಗಾಳಿ ಬೀಸಿತು. ಅವನಿದ್ದ ಕಡೆ ಒಂದು ರಾಶಿ ತರಗೆಲೆ ಮಾತ್ರ ಉಳಿದಿತ್ತು.

ಇರುವಂತಿ ಸುರಗಿಯ ಮುಂದೆ ಮಂಡಿಯೂರಿದಳು.

ಸುರಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಯಾರು? ನಮ್ಮ ಇರುವಂತಿ ಕೆಮ್ಮಣ್ಣು ತರಲು ಹೊಳೆಗೆ ಹೋಗಿದ್ದಾಳೆ. ಅವಳು ಬಂದಳಾ?"

"ಬಂದಳು" ಎಂದಳು ಇರುವಂತಿ. "ಸ್ವಲ್ಪ ತಡವಾಯಿತು."

ಮೊಸಳೆ ಐದು ಸಲ ಕೆರೆ ದಾಟಿ ಮಕ್ಕಳನ್ನೆಲ್ಲ ಈಚೆಗೆ ತಂದಿತು. ಹಂದಿ ಮುಂದೆ ನಡೆದು ದಾರಿ ತೋರಿಸಿತು. ಹತ್ತನೆಯ ದಿನ ಅವರು ಊರು ಮುಟ್ಟಿದರು. ತಾಯಂದಿರು ಬೇಲಿಗಳನ್ನು ಬರಿಗೈಯಲ್ಲಿ ಕಿತ್ತು ಓಡಿಬಂದರು. ರಾಜ ಚಪ್ಪಲಿಯಿಲ್ಲದೆ ಓಡಿಬಂದ. ಅವ್ವನ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ಮಕ್ಕಳು ಕೇಳಿದರು. ನೀಲವ್ವ ಸುರಗಿಯನ್ನು ಎತ್ತಿಕೊಂಡು ಕೆಳಗಿಳಿಸಲೇ ಇಲ್ಲ. ಪಕ್ಕದಲ್ಲಿ ನಿಂತ ಇರುವಂತಿ, ಅವ್ವನ ಸೊಂಟದ ಮೇಲೆ ತನ್ನದೇ ಹತ್ತು ವರ್ಷದ ಮುಖವನ್ನು ನೋಡುತ್ತಿದ್ದಳು.

ಊರತೋಟ ಮತ್ತೆ ಹಸಿರಾಯಿತು. ಏಳೂ ಕೇರಿಯವರು ಬಂದು ಅಗೆದರು, ಗೊಬ್ಬರ ತಂದು ಸುರಿದರು, ಗೋಡೆ ಸಾರಿಸಿದರು. ರಾಜನೂ ಒಂದು ಪಾತಿ ಹಿಡಿದ. ತಿಪ್ಪಜ್ಜಿ ಇರುವಂತಿಯನ್ನು ಕರೆದು ತನ್ನ ಮಣೆಯನ್ನು ಅವಳ ಕಡೆಗೆ ಸರಿಸಿದಳು.

"ಸಾಲಿನಲ್ಲಿ ಕೂರಲು ನಿನಗಿನ್ನು ಆಗದು ಮಗಾ. ಇವರಿಗೆ ನೀನೇ ಹೇಳಿಕೊಡು. ನನ್ನ ಮಂಡಿ ಬಿಡುವು ಕೇಳುತ್ತಿದೆ."

ಇರುವಂತಿ ಹೇಳಿಕೊಟ್ಟಳು. ಚೆನ್ನಾಗಿಯೇ ಹೇಳಿಕೊಟ್ಟಳು. ಆದರೆ ಮಕ್ಕಳು ಸಾಲಾಗಿ ಕೂತಾಗ ಸುರಗಿಯ ಪಕ್ಕದಲ್ಲಿ ಒಬ್ಬರ ಜಾಗ ಖಾಲಿ ಇರುತ್ತಿತ್ತು. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ಕಾಲದ ತನ್ನ ಜೊತೆಯವರು ಸಾಲಿನಲ್ಲಿ ಕೂತು ಪಿಸುಗುಟ್ಟಿ ನಗುವಾಗ ಇರುವಂತಿಗೆ ಆ ನಗು ಯಾತಕ್ಕೆಂದು ಗೊತ್ತಾಗುತ್ತಿರಲಿಲ್ಲ. ತಾನು ಕಾದದ್ದು ಸುರಗಿ ಬರಲಿ ಎಂದು ಮಾತ್ರವಲ್ಲ, ತಾನೂ ಆ ಖಾಲಿ ಜಾಗಕ್ಕೆ ಹೋಗಿ ಕೂರಬೇಕೆಂದು ಎಂಬುದು ಅವಳಿಗೆ ಆಗ ತಿಳಿಯಿತು. ಅಲ್ಲಿಗೆ ದಾರಿ ಇರಲಿಲ್ಲ.

ಸುರಗಿಯೂ ಅವಳನ್ನು ದೂರದಿಂದ ನೋಡುತ್ತಿದ್ದಳು. ಊಟ ಮಾಡುವಾಗ ಅವಳ ಕೈ ನೋಡುತ್ತಿದ್ದಳು, ನಡೆಯುವಾಗ ಅವಳ ಹೆಜ್ಜೆ ನೋಡುತ್ತಿದ್ದಳು. ಆ ದೊಡ್ಡ ಹುಡುಗಿಯ ಒಳಗೆ ತನ್ನವಳನ್ನು ಹುಡುಕುತ್ತಿದ್ದಳು. ಹೆಸರು ಹಿಡಿದು ಕರೆಯಲು ಬಾಯಿ ಬರುತ್ತಿರಲಿಲ್ಲ. ಏನಾದರೂ ಬೇಕಾದರೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು.

ಎರಡು ತಿಂಗಳು ಹೀಗೇ ಹೋಯಿತು. ಒಂದು ಬೆಳಗ್ಗೆ ಇರುವಂತಿ ಬದನೆ ಪಾತಿಯಲ್ಲಿ ಬಗ್ಗಿ ಸಸಿ ನೆಡುತ್ತಿದ್ದಳು. ಹಿಂದಿನಿಂದ ಪುಟ್ಟ ಹೆಜ್ಜೆಗಳ ಸದ್ದಾಯಿತು, ನಿಂತಿತು.

"ಅಕ್ಕಾ" ಎಂದಳು ಸುರಗಿ.

ಸುರಗಿಯ ಬಾಯಲ್ಲಿ ಆ ಮಾತನ್ನು ಇರುವಂತಿ ತನ್ನ ಜನ್ಮದಲ್ಲಿ ಎಂದೂ ಕೇಳಿರಲಿಲ್ಲ. ಅವಳು ತಿರುಗಲಿಲ್ಲ, ತಿರುಗಿದರೆ ಅತ್ತುಬಿಡುತ್ತೇನೆ ಎಂದು ಹೆದರಿ ಮಣ್ಣನ್ನೇ ನೋಡುತ್ತ ಕೇಳಿದಳು: "ಏನೇ?"

"ಬೇರು ಎಷ್ಟು ಆಳ ಹೋಗಬೇಕು? ನನಗೂ ತೋರಿಸು."

ಇರುವಂತಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಸುರಗಿ ಬಂದು ಕೂತಳು. ದೊಡ್ಡ ಕೈಯೊಂದು ಪುಟ್ಟ ಕೈಯನ್ನು ಹಿಡಿದು ಹಸಿ ಮಣ್ಣಿನೊಳಗೆ ಇಳಿಸಿತು.

ಹಾಗೆ ತೊರೆನಾಡಿನಲ್ಲಿ ಆ ವರ್ಷ ಬದನೆ ಬಂತು, ಅವರೆ ಬಂತು, ಎಲ್ಲರ ಮನೆಯಲ್ಲೂ ಒಲೆ ಉರಿಯಿತು, ಅವರೆಲ್ಲ ಬಾಳುವಷ್ಟು ದಿನವೂ ನಗುನಗುತ್ತ ಬಾಳಿದರು.